ಹೋಗಿ ಬಂದ ಬಂಗಾರ

ಶಿಕಾರಿಪುರ, ಸೊರಬದ ಹೆಣ್ಣುಮಕ್ಕಳ ಒಡವೆ ಬೀರುವಿನಲ್ಲಿ ಮಲಗಿದ್ದಕ್ಕಿಂತ ಹೊರಗೆ ಓಡಾಡಿದ್ದೇ ಹೆಚ್ಚು. ಗದ್ದೆಗೆ, ಸೊಸೈಟಿಗೆ, ನಾದಿನಿಯ ಮದುವೆಗೆ, ಅಕ್ಕಸಾಲಿಯ ಕುಂಪಟೆಗೆ. ಪ್ರತಿ ಸಲ ಹೋಗಿ ಬಂದಾಗಲೂ ಅದರ ಮೇಲಿನ ಅಕ್ಕರೆ ಒಂದು ಗುಲಗಂಜಿಯಷ್ಟು ಹೆಚ್ಚುತ್ತದೆ.

ಸೀಗೆ ಹುಣ್ಣಿಮೆಯ ಬೆಳಗಿನ ಜಾವ ಸೊರಬದ ಕಡೆಯ ಗದ್ದೆಬಯಲಿನಲ್ಲಿ ಭತ್ತದ ಪೈರು ಒಡವೆ ಹಾಕಿಕೊಳ್ಳುತ್ತದೆ. ಹೊಡೆ ತುಂಬಿ, ತೆನೆ ಇನ್ನೇನು ಹೊರಬೀಳಬೇಕು ಎನ್ನುವ ಹೊತ್ತದು. ಮಲೆನಾಡಿನವರ ಲೆಕ್ಕದಲ್ಲಿ ಭೂಮಿತಾಯಿ ಈಗ ಬಸುರಿ. ಬಸುರಿಗೆ ಬಯಕೆ ಬಡಿಸಬೇಕು, ಸೀಮಂತ ಮಾಡಬೇಕು. ರಾತ್ರಿಯಿಡೀ ಬೇಯಿಸಿದ ಅಡುಗೆಯನ್ನು ಭೂಮಣ್ಣಿ ಬುಟ್ಟಿಯಲ್ಲಿ ತುಂಬಿ, ಕತ್ತಲು ಹರಿಯುವ ಮೊದಲೇ ಮನೆಮಂದಿ ಗದ್ದೆಗೆ ಹೊರಡುತ್ತಾರೆ. ಆ ಬುಟ್ಟಿಗೆ ದೀವರ ಹೆಣ್ಣುಮಕ್ಕಳು ದಿನಗಟ್ಟಲೆ ಕೂತು ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆ ಎಳೆಯಾಗಿ ಚಿತ್ತಾರ ಬರೆದಿರುತ್ತಾರೆ.

ಬದುವಿನ ಪಕ್ಕದ ನಾಲ್ಕು ಬುಡ ಪೈರನ್ನು ಒಟ್ಟು ಸೇರಿಸಿ, ಬಾಳೆಕಂಬ ನಿಲ್ಲಿಸಿ, ಮಾವಿನ ತೋರಣ ಕಟ್ಟಿ, ಅರಿಸಿನ ಕುಂಕುಮ ಹಚ್ಚುತ್ತಾರೆ. ಆಮೇಲೆ ಮನೆಯ ಹೆಂಗಸು ತನ್ನ ಕೊರಳಿನ ಸರ ತೆಗೆದು ಪೈರಿನ ಕೊರಳಿಗೆ ಹಾಕುತ್ತಾಳೆ. ಕೆಲವು ಮನೆಗಳಲ್ಲಿ ತಾಳಿಯನ್ನೇ ಹಾಕುವ ರೂಢಿ. ಬೇರೆ ದಿನಗಳಲ್ಲಿ ತಾಳಿ ತೆಗೆಯುವ ಮಾತನ್ನು ಬಾಯಲ್ಲಿ ಆಡುವುದೂ ಅಪಶಕುನ. ಈ ಒಂದು ಬೆಳಗ್ಗೆ ಮಾತ್ರ ಬರಿಗೊರಳಲ್ಲಿ ಗದ್ದೆಯ ಬದುವಿನ ಮೇಲೆ ಕೂರಲು ಯಾರಿಗೂ ಸಂಕೋಚವಿಲ್ಲ. ಗಂಡಸರು ಚರಗ ಚೆಲ್ಲಿ ಗದ್ದೆ ಸುತ್ತು ಹಾಕಿ ಬರುವವರೆಗೂ ಹೆಂಗಸರ ಒಂದು ಕಣ್ಣು ಸರದ ಮೇಲೇ. ಪೂಜೆ ಮುಗಿದು ಅದು ಮತ್ತೆ ಕೊರಳಿಗೆ ಬರುವಾಗ ಕೊಂಡಿಗಳ ಸಂದಿನಲ್ಲಿ ಅರಿಸಿನ ಮೆತ್ತಿರುತ್ತದೆ, ಇಬ್ಬನಿಗೆ ಸರ ತಣ್ಣಗಾಗಿರುತ್ತದೆ.

ಒಡವೆಯ ಮೇಲಿನ ಮಮತೆ ಎಂದರೆ ನಮಗೆ ಸಾಮಾನ್ಯವಾಗಿ ನೆನಪಾಗುವುದು ಹಳೇ ಸೀರೆಯ ಚೂರಿನಲ್ಲಿ ಸುತ್ತಿ ಬೀರುವಿನ ಒಳಖಾನೆಯಲ್ಲಿಟ್ಟ ಅಜ್ಜಿಯ ಸರ. ಶಿಕಾರಿಪುರ, ಸೊರಬದ ಒಡವೆಗೆ ಅಂಥ ಆರಾಮದ ಬದುಕಿಲ್ಲ. ಅರ್ಧ ಮಲೆನಾಡು, ಅರ್ಧ ಬಯಲು ಎನಿಸುವ ಈ ಸೀಮೆಯಲ್ಲಿ ಭತ್ತ, ಜೋಳ, ಶುಂಠಿ, ಅಡಿಕೆ ಎಲ್ಲವೂ ಮಳೆಯ ಮರ್ಜಿಗೆ, ಪೇಟೆಯ ದರಕ್ಕೆ ಕಾಯುತ್ತವೆ. ಎರಡೂ ಕೈಕೊಟ್ಟಾಗ ಎದ್ದು ನಿಲ್ಲುವುದು ಬಂಗಾರ. ಹಾಗೆ ಎದ್ದು ಹೋದದ್ದು ತಿರುಗಿ ಬಂದಾಗ ಅದು ಹೋಗುವ ಮುಂಚಿನ ಒಡವೆಯಾಗಿ ಉಳಿದಿರುವುದಿಲ್ಲ.

ಹೆಸರಿಲ್ಲ, ಬಳೆ ಇದೆ

ಈ ಎರಡು ತಾಲ್ಲೂಕುಗಳಲ್ಲಿ ಕಲ್ಲು ಮಾತಾಡದ ಊರು ಕಡಿಮೆ. ಬಿ.ಎಲ್. ರೈಸ್ ಅವರು 1902ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೇ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳಿವೆ, 1904ರ ಎಂಟನೇ ಸಂಪುಟದಲ್ಲಿ ಸೊರಬದವು. ತಾಳಗುಂದದ ಕದಂಬರ ಕಂಬದಿಂದ ಹಿಡಿದು ಕುಬಟೂರಿನ ಕೈಟಭೇಶ್ವರದವರೆಗೆ ಅರಸರು, ದಾನಿಗಳು, ಕಾದಿ ಸತ್ತ ವೀರರು ಹೆಸರು ಬರೆಸಿಕೊಂಡಿದ್ದಾರೆ. ಬಳ್ಳಿಗಾವಿಯ ಶಿಲ್ಪಗಳ ಮುಂದೆ ನಿಂತರೆ ಕಂಠಿ, ತೋಳಬಂದಿ, ಸೊಂಟಪಟ್ಟಿ, ಕಾಲ್ಗಡಗ ಒಂದೊಂದನ್ನೂ ಎಣಿಸಬಹುದು. ಅಕ್ಕಸಾಲಿಯ ಕೆಲಸವನ್ನು ಕಲ್ಲುಕುಟಿಗ ಕದ್ದು ನೋಡಿ ಕಲಿತಂತಿದೆ.

ಊರಾಚೆ ಹುಣಸೆಮರದ ಬುಡದಲ್ಲೋ ಕೆರೆ ಏರಿಯ ಮೇಲೋ ನಿಂತಿರುವ ಮಾಸ್ತಿಕಲ್ಲುಗಳ ಬಗೆ ಬೇರೆ. ಕಲ್ಲಿನ ಕಂಬದಿಂದ ಮೊಳಕೈ ಮಡಿಸಿ ಮೇಲೆತ್ತಿದ ಒಂದೇ ಒಂದು ಕೈ. ಬೆರಳುಗಳ ನಡುವೆ ಕೆಲವೊಮ್ಮೆ ನಿಂಬೆಹಣ್ಣು. ಮುಂಗೈ ತುಂಬ ಬಳೆ. ಗಂಡನ ಚಿತೆ ಏರಿದವಳು ಮುತ್ತೈದೆಯಾಗಿಯೇ ಹೋದಳು ಎಂದು ಆ ಬಳೆ ಸಾರುತ್ತದೆ. ಪಕ್ಕದ ವೀರಗಲ್ಲಿನಲ್ಲಿ ಗಂಡಸಿನ ಹೆಸರು, ಅವನ ಒಡೆಯನ ಹೆಸರು, ಕಾಳಗದ ವಿವರ ಇದ್ದರೂ ಇರಬಹುದು. ಅವಳ ಕಲ್ಲಿನಲ್ಲಿ ಎಷ್ಟೋ ಕಡೆ ಒಂದಕ್ಷರವೂ ಇಲ್ಲ. ಅವಳು ಯಾರು ಎಂದು ಹೇಳಲು ಬಳೆಯೊಂದೇ ಉಳಿದಿದೆ. ಹೆಸರು ಬರೆಯದ ಕಡೆಯಲ್ಲೆಲ್ಲ ಹೆಣ್ಣಿನ ಗುರುತನ್ನು ಒಡವೆ ಹೊತ್ತುಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಅದೇ ನೆಲದಲ್ಲಿ ಆ ಗುರುತೇ ಬೇಡವೆಂದು ಹೊರಟವಳೂ ಹುಟ್ಟಿದಳು. ಅಕ್ಕಮಹಾದೇವಿಯ ಉಡುತಡಿ ಇರುವುದು ಶಿಕಾರಿಪುರ ತಾಲ್ಲೂಕಿನಲ್ಲಿ. ಕೌಶಿಕನ ಅರಮನೆಯ ಉಡುಗೆ ತೊಡುಗೆ ಎರಡನ್ನೂ ಬಿಟ್ಟು ಅವಳು ಕಲ್ಯಾಣದ ಹಾದಿ ಹಿಡಿದಳು ಎನ್ನುತ್ತದೆ ಪರಂಪರೆ. ಒಡವೆ ಕಳಚುವುದು ದೊಡ್ಡ ಮಾತಾಗಬೇಕಾದರೆ ಒಡವೆಗೆ ಅಷ್ಟು ತೂಕ ಇರಬೇಕು. ತೂಕವಿಲ್ಲದ್ದನ್ನು ಬಿಟ್ಟರೆ ಯಾರೂ ಎಂಟು ಶತಮಾನ ನೆನಪಿಡುವುದಿಲ್ಲ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಕತೆಗಾರ್ತಿ ಕೊಡಗಿನ ಗೌರಮ್ಮ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಬಿಚ್ಚಿ ಕೊಟ್ಟದ್ದು ಇಂದಿಗೂ ನೆನಪಿನಲ್ಲಿ ಉಳಿದಿರುವುದು ಇದೇ ಕಾರಣಕ್ಕೆ.

ಕೊಡುವ ಅವಕಾಶವೂ ಸಿಗದೆ ಕಳೆದುಕೊಂಡವರ ಕತೆ ಶಿಕಾರಿಪುರದ್ದೇ ಈಸೂರಿನದು. ಸ್ವಾತಂತ್ರ್ಯ ಚಳವಳಿಯ ಕಾವಿನಲ್ಲಿ, 1942ರ ಸೆಪ್ಟೆಂಬರ್ 28ರಂದು ಅಲ್ಲಿ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಹತರಾದ ಮೇಲೆ ಊರಿಗೆ ಊರೇ ಕಾಡು ಸೇರಿತು. ಹಿಂದೆ ಉಳಿದ ಮನೆಗಳು ಲೂಟಿಯಾದವು. 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ಶಿಕ್ಷೆಗೊಳಗಾದವರಲ್ಲಿ ಹೆಣ್ಣುಮಕ್ಕಳೂ ಇದ್ದರು. ರಾತ್ರೋರಾತ್ರಿ ಮನೆಬಿಟ್ಟವರಿಗೆ ದವಸದ ಕಣಜವಾಗಲಿ, ತಾಮ್ರದ ಹಂಡೆಯಾಗಲಿ ಜೊತೆಗೆ ಬರುವುದಿಲ್ಲ. ಬರುವುದು ಮೈಮೇಲೆ ಇದ್ದದ್ದಷ್ಟೇ. ‘ಕೊರಳಲ್ಲಿ ಒಂದೆಳೆ ಇರಲಿ’ ಎಂದು ಹಿರಿಯ ಹೆಂಗಸರು ಇಂದಿಗೂ ಹೇಳುವುದರ ಹಿಂದೆ ಚೆಲುವಿನ ಆಸೆಯ ಜೊತೆಗೆ ಇಂಥ ಭಯಗಳೂ ಇವೆ.

ಒಂದೊಂದು ಕಾಸು, ಒಂದೊಂದು ಕಷ್ಟ

ಇಲ್ಲಿಯ ಹಳೇ ಮನೆಗಳ ಒಡವೆಗಳ ಹೆಸರು ಹೇಳುತ್ತ ಹೋದರೆ ಬಾಯಿ ತುಂಬುತ್ತದೆ. ಕಿವಿಗೆ ವಾಲೆ, ಜುಮಕಿ, ಕೆನ್ನೆ ಸರಪಳಿ, ಬುಗುಡಿ. ಕೊರಳಿಗೆ ಅಡ್ಡಿಗೆ, ಗುಂಡಿನ ಸರ, ಅವಲಕ್ಕಿ ಸರ, ಕಾಸಿನ ಸರ. ತೋಳಿಗೆ ವಂಕಿ, ಜಡೆಗೆ ನಾಗರ, ಸೊಂಟಕ್ಕೆ ಬೆಳ್ಳಿಯ ಡಾಬು, ಕಾಲಿಗೆ ಪಿಲ್ಲಿ. ಎಲ್ಲವೂ ಎಲ್ಲ ಮನೆಯಲ್ಲೂ ಇದ್ದವೆಂದಲ್ಲ. ಬಹಳ ಮನೆಗಳಲ್ಲಿ ವಾಲೆ ಮತ್ತು ಮೂಗುಬಟ್ಟು ಬಿಟ್ಟರೆ ಉಳಿದವು ಮದುವೆಗೆ ಕಡ ತಂದವು. ಕಡ ತಂದದ್ದೂ ನೆನಪಾಗಿಯೇ ಉಳಿಯುತ್ತದೆ. ಮದುವೆಯ ಫೋಟೊದಲ್ಲಿ ಹೊಳೆಯುವ ಅಡ್ಡಿಗೆ ಯಾರದು ಎಂದು ಐವತ್ತು ವರ್ಷದ ಮೇಲೂ ಹೇಳುವವರಿದ್ದಾರೆ.

ಯಾವುದು ತವರಿನದು, ಯಾವುದು ಗಂಡನ ಮನೆಯದು ಎಂಬ ವಿಂಗಡಣೆ ಕಟ್ಟುನಿಟ್ಟು. ಗಂಡನ ಮನೆಯ ಒಡವೆಯನ್ನು ಅತ್ತೆ ಕೇಳಿದರೆ ಬಿಚ್ಚಿ ಕೊಡಬೇಕು. ತವರಿನದಕ್ಕೆ ಕೈಹಾಕುವ ಮುಂಚೆ ಗಂಡನೂ ಎರಡು ಸಲ ಗಂಟಲು ಸರಿಮಾಡಿಕೊಳ್ಳುತ್ತಾನೆ. ಅಪ್ಪ ಆ ವರ್ಷದ ಅಡಿಕೆಗೆ ಬಂದ ದುಡ್ಡಿನಲ್ಲಿ ಮಾಡಿಸಿದ್ದು, ಅಣ್ಣ ಮೊದಲ ಸಂಬಳದಲ್ಲಿ ಕೊಡಿಸಿದ್ದು, ಬಾಣಂತನ ಮುಗಿಸಿ ಹೊರಡುವಾಗ ಅವ್ವ ತನ್ನ ಕೈಯಿಂದ ಕಳಚಿ ಕೊಟ್ಟದ್ದು: ಹೀಗೆ ಪ್ರತಿಯೊಂದಕ್ಕೂ ಒಂದು ಕಾಲ, ಒಂದು ಮುಖ ಇರುತ್ತದೆ.

ಕಾಸಿನ ಸರದ ಲೆಕ್ಕವೇ ಬೇರೆ. ರಾಣಿ ವಿಕ್ಟೋರಿಯಾಳ, ಜಾರ್ಜ್ ದೊರೆಯ ತಲೆಯಿದ್ದ ಪವನುಗಳಿಗೆ ಕೊಂಡಿ ಬೆಸೆದು ಪೋಣಿಸಿದ್ದನ್ನು ಉಳ್ಳವರು ಮಾಡಿಸುತ್ತಿದ್ದರು. ಎಂಟು ಗ್ರಾಂಗೆ ಕೂದಲೆಳೆ ಕಡಿಮೆ ತೂಗುವ ಪವನು ನಾಣ್ಯವೂ ಹೌದು, ಒಡವೆಯೂ ಹೌದು. ಕಷ್ಟ ಬಂದಾಗ ಇಡೀ ಸರ ಕರಗಿಸಬೇಕಿಲ್ಲ, ಒಂದು ಕಾಸು ಬಿಚ್ಚಿದರೆ ಆಯಿತು. ಹಾಗಾಗಿ ಮೊಮ್ಮಗಳ ಕೈಗೆ ಬರುವ ಹೊತ್ತಿಗೆ ಸರ ಗಿಡ್ಡವಾಗಿರುತ್ತದೆ, ಒಂದು ಬದಿಯ ಕಾಸಿಗೂ ಇನ್ನೊಂದು ಬದಿಯ ಕಾಸಿಗೂ ಸಂಖ್ಯೆ ಹೊಂದುವುದಿಲ್ಲ. ಇಲ್ಲದ ಕಾಸುಗಳ ಕತೆಯೇ ಇದ್ದವುಗಳ ಕತೆಗಿಂತ ದೊಡ್ಡದು. ಒಂದು ಎತ್ತು ಸತ್ತ ವರ್ಷ ಹೋದದ್ದು, ಇನ್ನೊಂದು ಮಗನನ್ನು ಶಿವಮೊಗ್ಗದ ಹಾಸ್ಟೆಲಿಗೆ ಸೇರಿಸುವಾಗ ಹೋದದ್ದು.

ಬುಗುಡಿಯ ಪಾಡು ಇನ್ನೊಂದು ಬಗೆ. ಅದನ್ನು ಹಾಕಲು ಕಿವಿಯ ಮೇಲಂಚಿನಲ್ಲಿ ತೂತು ಬೇಕು. ಅಜ್ಜಿಯಂದಿರ ಕಿವಿಯಲ್ಲಿ ಅದರ ಭಾರಕ್ಕೆ ಅಂಚು ಬಾಗಿ ಹೂವಿನ ದಳದಂತೆ ಮಡಚಿಕೊಂಡಿರುತ್ತಿತ್ತು. ಮಗಳ ಕಾಲಕ್ಕೆ ಆ ತೂತು ಚುಚ್ಚಿಸುವುದು ನಿಂತಿತು. ಒಡವೆ ಇದೆ, ಕೂರಿಸಲು ಕಿವಿಯಿಲ್ಲ. ಕೆಲವರು ಅದನ್ನು ಕರಗಿಸಿ ಉಂಗುರ ಮಾಡಿಸಿದರು, ಕೆಲವರು ಸರಕ್ಕೆ ಪದಕವಾಗಿ ತೂಗಿಸಿಕೊಂಡರು. ಏನೂ ಮಾಡಲು ಮನಸ್ಸಾಗದೆ ಜೋಡಿಯನ್ನು ಹಾಗೇ ಇಟ್ಟುಕೊಂಡವರೂ ಇದ್ದಾರೆ.

ಶಿಕಾರಿಪುರದ ತಾಂಡಾಗಳಿಗೆ ಹೋದರೆ ಬಂಗಾರದ ಜಾಗದಲ್ಲಿ ಬೆಳ್ಳಿ. ಲಂಬಾಣಿ ಅಜ್ಜಿಯರ ತೋಳು ತುಂಬ ಬಲಿಯಾ ಬಳೆಗಳು. ಹಿಂದೆ ಆನೆದಂತದ್ದು, ಆಮೇಲೆ ಮೂಳೆಯದ್ದು, ಈಗ ಪ್ಲಾಸ್ಟಿಕ್‌ನದ್ದು. ಕೆನ್ನೆಯ ಎರಡೂ ಬದಿ ಕೂದಲಿಗೆ ಹೆಣೆದು ಇಳಿಬಿಟ್ಟ ಘುಗರಿ, ಟೋಪ್ಲಿ ಗಂಡನಿರುವವಳ ಗುರುತು. ರವಿಕೆಗೆ, ಸೆರಗಿಗೆ ಹೊಲಿದ ಹಳೇ ರೂಪಾಯಿ, ಎಂಟಾಣೆಗಳು ಬೇರೆ. ಇಡೀ ಆಸ್ತಿಯನ್ನು ಮೈಮೇಲೆ ಹೊತ್ತು ಊರೂರು ಅಲೆದ ಕಾಲದ ಜಾಣತನ ಅದು. ಮೊಮ್ಮಕ್ಕಳು ಚೂಡಿದಾರ ಹಾಕಿ ಕಾಲೇಜಿಗೆ ಹೋಗುತ್ತಾರೆ; ಪೂರ್ತಿ ವೇಷ ಕಾಣುವುದು ಫೆಬ್ರುವರಿಯಲ್ಲಿ, ನೆರೆಯ ಸೂರಗೊಂಡನಕೊಪ್ಪದ ಸೇವಾಲಾಲ್ ಜಯಂತಿಯ ಹೊತ್ತಿಗೆ. ಹಳೇ ಬೆಳ್ಳಿಯನ್ನು ವ್ಯಾಪಾರಿ ಕಿಲೋ ಲೆಕ್ಕದಲ್ಲಿ ತೂಗುತ್ತಾನೆ. ಕೈಕೆಲಸಕ್ಕೆ ಬೆಲೆಯಿಲ್ಲ, ಅಜ್ಜಿಗಂತೂ ಇಲ್ಲ. ಅದೇ ಬೆಳ್ಳಿ ನಗರದ ಆ್ಯಂಟಿಕ್ ಅಂಗಡಿಯ ಗಾಜಿನ ಹಿಂದೆ ಕೂತಾಗ ಮಾತ್ರ ಕುಸುರಿ ಕೆಲಸ, ಹಳೇತನ ಎಲ್ಲದಕ್ಕೂ ಬೆಲೆ ಬರುತ್ತದೆ.

ಗುಡಿಗಾರರ ಪೆಟ್ಟಿಗೆ

ಒಡವೆ ಇಡುವ ಪೆಟ್ಟಿಗೆಯ ವಿಷಯದಲ್ಲಿ ಸೊರಬಕ್ಕೆ ಒಂದು ಹೆಮ್ಮೆ ಉಂಟು. ಇಲ್ಲಿಯ ಮತ್ತು ಸಾಗರದ ಗುಡಿಗಾರರು ಶ್ರೀಗಂಧದಲ್ಲಿ ಬಳ್ಳಿ, ಹೂವು, ದೇವರು, ಆನೆಗಳ ಸಾಲು ಬಿಡಿಸಿದ ಪೆಟ್ಟಿಗೆಗಳನ್ನು ಹತ್ತೊಂಬತ್ತನೇ ಶತಮಾನದ ಗೆಜೆಟಿಯರುಗಳೇ ಹೊಗಳಿವೆ. ಒಂದೇ ಪೆಟ್ಟಿಗೆಗೆ ತಿಂಗಳುಗಟ್ಟಲೆ ಕೆಲಸ. ಅಂಥವು ಹೋದದ್ದು ಅರಮನೆಗೆ, ದೊರೆಗಳ ಬಂಗಲೆಗೆ, ವಸ್ತುಪ್ರದರ್ಶನಕ್ಕೆ. ಶ್ರೀಗಂಧದ ಮರ ಯಾರ ಹಿತ್ತಲಲ್ಲಿದ್ದರೂ ಸರ್ಕಾರದ್ದು ಎಂಬ ಟಿಪ್ಪುವಿನ ಕಾಲದ ಕಟ್ಟಳೆ ಈ ಶತಮಾನದ ಆರಂಭದವರೆಗೂ ಹೆಚ್ಚು ಕಡಿಮೆ ಹಾಗೇ ನಡೆದು ಬಂತು. ಪೆಟ್ಟಿಗೆ ಕೆತ್ತಿದವನ ಮನೆಯಲ್ಲಿ ಒಡವೆ ಇದ್ದರೆ ಅದು ಇರುತ್ತಿದ್ದುದು ತಗಡಿನ ಡಬ್ಬಿಯಲ್ಲಿ.

ಅದೇ ಗುಡಿಗಾರರ ಕೈಯಿಂದ ಎಲ್ಲರ ಮನೆಗೂ ಬಂದ ಒಡವೆ ಬಾಸಿಂಗ. ಕೆರೆಯಲ್ಲಿ ಬೆಳೆಯುವ ಬೆಂಡನ್ನು ತೆಳ್ಳಗೆ ಹೆರೆದು, ಬಣ್ಣದ ಹಾಳೆ ಅಂಟಿಸಿ ಮಾಡಿದ್ದು. ತೂಕಕ್ಕೆ ಹಾಕಿದರೆ ತಕ್ಕಡಿ ಅಲುಗುವುದೂ ಇಲ್ಲ. ಕಟ್ಟುವುದು ಜನ್ಮಕ್ಕೊಮ್ಮೆ, ಕೆಲವೇ ತಾಸು. ಆದರೂ ಮದುವೆ ಮುಗಿದ ಮೇಲೆ ಎಸೆಯದೆ ತೊಲೆಗೆ ಸಿಕ್ಕಿಸಿಟ್ಟ ಮನೆಗಳಿವೆ. ಹೊಗೆ ಹಿಡಿದು ಕಪ್ಪಾಗಿ, ಇಲಿ ಕಡಿದು ಅರ್ಧ ಉಳಿದಿದ್ದರೂ ತೆಗೆಯುವುದಿಲ್ಲ. ಒಡವೆಯ ಮೇಲಿನ ಪ್ರೀತಿಗೆ ಬಂಗಾರವೇ ಆಗಬೇಕೆಂದಿಲ್ಲ ಎನ್ನುವುದಕ್ಕೆ ಬಾಸಿಂಗ ಸಾಕು. ಹಾಗಿದ್ದೂ ಬಂಗಾರದ ಮೇಲಿನ ಪ್ರೀತಿಯಲ್ಲಿ ಬಾಸಿಂಗಕ್ಕಿಲ್ಲದ ಏನೋ ಒಂದು ಇದೆ. ಅದು ಗೊತ್ತಾಗುವುದು ಬ್ಯಾಂಕಿನಲ್ಲಿ.

ಒರೆಗಲ್ಲಿನ ಮುಂದೆ

ಶಿರಾಳಕೊಪ್ಪ, ಆನವಟ್ಟಿಯಂಥ ಪೇಟೆಗಳಲ್ಲಿ ಬ್ಯಾಂಕು ಅಥವಾ ಸೊಸೈಟಿಯ ಬಂಗಾರದ ಸಾಲದ ಕೌಂಟರಿನೆದುರು ಮೇ, ಜೂನ್ ತಿಂಗಳಲ್ಲಿ ಸಾಲು ಉದ್ದ. ಬೀಜ, ಗೊಬ್ಬರ, ಶಾಲೆಯ ಫೀಸು ಒಟ್ಟಿಗೆ ಬರುವ ಕಾಲ. ಹೆಂಗಸರು ಕೈಚೀಲದೊಳಗಿನ ಕರ್ಚೀಫಿನ ಗಂಟನ್ನು ಬಿಚ್ಚುವಾಗ ಸುತ್ತ ಒಮ್ಮೆ ನೋಡುತ್ತಾರೆ. ಅಪ್ರೈಸರ್ ಸರವನ್ನು ಕಪ್ಪು ಒರೆಗಲ್ಲಿಗೆ ಉಜ್ಜಿ, ಗೆರೆಯ ಮೇಲೆ ಆ್ಯಸಿಡ್ ಹನಿ ಬಿಟ್ಟು, ಬಣ್ಣ ನಿಲ್ಲುತ್ತದೋ ಎಂದು ಕಾಯುತ್ತಾನೆ. ವಾಲೆಯ ಹರಳಿಗೆ ಇಷ್ಟು, ಗುಂಡಿನೊಳಗಿನ ಅರಗಿಗೆ ಇಷ್ಟು, ಕರಿಮಣಿಗೆ ಇಷ್ಟು ಎಂದು ಕಳೆಯುತ್ತ ಹೋಗುತ್ತಾನೆ. ಅವ್ವ ದಿನವೂ ಕಣ್ಣಿಗೊತ್ತಿಕೊಂಡದ್ದೆಲ್ಲ ಕಳೆದು ಕೊನೆಗೆ ನಿವ್ವಳ ತೂಕ ಉಳಿಯುತ್ತದೆ. ಕವರಿಗೆ ಹಾಕಿ, ಅಂಟಿಸಿ, ಸೀಲು ಒತ್ತಿ, ಸಹಿ.

ಒಡವೆಯ ಬೆಲೆಯ ನೂರಕ್ಕೆ 75ರಷ್ಟು ಸಾಲ ಎಂಬುದು ಬಹುಕಾಲ ರಿಸರ್ವ್ ಬ್ಯಾಂಕ್ ಹಾಕಿದ್ದ ಮಿತಿ. 2025ರಲ್ಲಿ ಅದು ಹೊರಡಿಸಿದ ಹೊಸ ನಿರ್ದೇಶನ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಮಿತಿಯನ್ನು 85ಕ್ಕೆ ಏರಿಸಿದೆ. ಸಾಲ ತೀರಿದ ಏಳು ಕೆಲಸದ ದಿನಗಳೊಳಗೆ ಒಡವೆ ಕೊಡದಿದ್ದರೆ, ತಪ್ಪು ಸಾಲ ಕೊಟ್ಟವರದಾಗಿದ್ದರೆ, ದಿನಕ್ಕೆ 5,000 ರೂಪಾಯಿ ಪರಿಹಾರ ಎಂದೂ ಹೇಳಿದೆ. ತಡಕ್ಕೆ ಬೆಲೆ ಕಟ್ಟಬಹುದು. ಹರಾಜಿನಲ್ಲಿ ಹೋದ ಬುಗುಡಿಯ ಬೆಲೆ ಮಾತ್ರ ಅಂದಿನ ಪೇಟೆ ದರವಷ್ಟೇ.

ಮಾರಿದರೆ ಪೂರ್ತಿ ಹಣ ಕೈಗೆ ಬರುತ್ತದೆ, ಬಡ್ಡಿಯ ಗೋಜಿಲ್ಲ. ಲೆಕ್ಕ ಬಲ್ಲವರು ಮಾರಿ ಎನ್ನುತ್ತಾರೆ. ಆದರೂ ನಮ್ಮವರು ಗಿರವಿ ಇಡುತ್ತಾರೆ, ವರ್ಷ ವರ್ಷ ಬಡ್ಡಿ ಕಟ್ಟಿ ರಿನ್ಯೂ ಮಾಡಿಸುತ್ತಾರೆ, ಶುಂಠಿಗೆ ದರ ಬಂದ ವರ್ಷ ಓಡಿಹೋಗಿ ಬಿಡಿಸುತ್ತಾರೆ. ಆ ಬಡ್ಡಿ ಮಮತೆಗೆ ಕಟ್ಟುವ ಕಂದಾಯ. ಬಿಡಿಸಿ ತಂದ ದಿನ ದೇವರ ಮುಂದಿಟ್ಟು ಅರಿಸಿನ ಕುಂಕುಮ ಹಚ್ಚಿಯೇ ಕೊರಳಿಗೆ ಹಾಕಿಕೊಳ್ಳುವುದು. ಮೂರು ಸಲ ಅಡವಾಗಿ ಮೂರು ಸಲವೂ ಮನೆ ಸೇರಿದ ಸರವನ್ನು ಮಾರಲು ಯಾವ ಹೆಂಗಸಿಗೂ ಮನಸ್ಸು ಬಾರದು. ಅದು ಮನೆಗೆ ದುಡಿದು ಬಂದಿದೆ.

ಕುಂಪಟೆಯಿಂದ ಶೋರೂಮಿಗೆ

ಮೊದಲಾದರೆ ಒಡವೆ ಹುಟ್ಟುತ್ತಿದ್ದುದೂ ಕಣ್ಣೆದುರೇ. ಮನೆಗೊಬ್ಬ ಗೊತ್ತಿನ ಅಕ್ಕಸಾಲಿ. ಕುಂಪಟೆಯ ಕೆಂಡ, ಊದುಗೊಳವೆ, ಮರದ ಡಬ್ಬಿಯೊಳಗಿನ ಪುಟ್ಟ ತಕ್ಕಡಿ, ತೂಕಕ್ಕೆ ಗುಲಗಂಜಿ. ಅಕ್ಕನ ಚಿನ್ನವನ್ನೂ ಬಿಡದವನು ಎಂದು ಗಾದೆ ಮಾಡಿ ಬೈದರೂ ಅವನ ಬಿಟ್ಟು ಬೇರೆಯವನ ಹತ್ತಿರ ಹೋಗುತ್ತಿರಲಿಲ್ಲ. ಚೀನಾ ಯುದ್ಧದ ಬೆನ್ನಿಗೆ, 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿ ತಂದ ಚಿನ್ನ ನಿಯಂತ್ರಣ ನಿಯಮ 14 ಕ್ಯಾರಟ್‌ಗಿಂತ ಹೆಚ್ಚಿನ ಒಡವೆ ಮಾಡುವುದನ್ನೇ ತಡೆಯಿತು. ದೇಶದ ತುಂಬ ಅಕ್ಕಸಾಲಿಗರ ಕುಂಪಟೆ ಆರಿತು. 1968ರಲ್ಲಿ ಅದು ಕಾಯ್ದೆಯಾಯಿತು, 1990ರಲ್ಲಿ ರದ್ದಾಯಿತು. ಅಷ್ಟರೊಳಗೆ ಒಂದು ತಲೆಮಾರು ಕಸುಬು ಬಿಟ್ಟಿತ್ತು.

ಈಗ ಎರಡು ಪೇಟೆಗಳಲ್ಲೂ ಎಸಿ ಅಂಗಡಿಗಳಿವೆ. 2021ರ ಜೂನ್‌ನಿಂದ ಹಾಲ್‌ಮಾರ್ಕ್ ಕಡ್ಡಾಯವಾಗುತ್ತ ಬಂತು, 2023ರ ಏಪ್ರಿಲ್‌ನಿಂದ ಪ್ರತಿ ಒಡವೆಗೂ ಆರು ಅಕ್ಷರ-ಅಂಕಿಗಳ ಗುರುತು. ಮೋಸ ಕಡಿಮೆಯಾಗಿದೆ, ಒಳ್ಳೆಯದೇ. ‘ಹಳೇದು ಕೊಡಿ, ಹೊಸದು ಒಯ್ಯಿರಿ’ ಎಂಬ ಬೋರ್ಡಿನ ಮುಂದೆ ಅತ್ತೆ ಸೊಸೆಯರ ವಾದವೂ ನಡೆದಿದೆ. ಕರಗಿಸಿದರೆ ಅಜ್ಜಿ ಹೋದಳು ಎನ್ನುವವರಿದ್ದಾರೆ. ಅಜ್ಜಿಯ ಸರವೂ ಅವಳ ಅಜ್ಜಿಯ ಬಳೆ ಕರಗಿಸಿಯೇ ಮಾಡಿದ್ದು ಎನ್ನುವವರೂ ಇದ್ದಾರೆ. ಎರಡನೆಯವರ ಮಾತೂ ಸುಳ್ಳಲ್ಲ. ಬಂಗಾರಕ್ಕೆ ಆಕಾರ ಶಾಶ್ವತವಲ್ಲ, ವಾರಸುದಾರಿಕೆ ಶಾಶ್ವತ.

ಪಹಣಿಯಲ್ಲಿ ಇಲ್ಲದವಳ ಪಹಣಿ

1970ರಲ್ಲಿ ಹತ್ತು ಗ್ರಾಂಗೆ ಇನ್ನೂರು ರೂಪಾಯಿಯನ್ನೂ ಮುಟ್ಟದಿದ್ದ ಬಂಗಾರ 2025ರಲ್ಲಿ ಒಂದು ಲಕ್ಷ ದಾಟಿತು. ದರ ಏರಿದಷ್ಟೂ ಭಾವನೆಯ ಮಾತು ಬರೀ ನೆಪ, ಒಳಗಿರುವುದು ಆಸ್ತಿಯ ಆಸೆ ಎಂದು ನಗುವವರು ಹೆಚ್ಚಿದ್ದಾರೆ. ಭಾವನೆ ಮತ್ತು ಆಸ್ತಿ ಎರಡನ್ನೂ ಬೇರೆ ಬೇರೆ ತಟ್ಟೆಯಲ್ಲಿಟ್ಟು ತೂಗುವುದರಿಂದ ಈ ತಪ್ಪು ಆಗುತ್ತದೆ. ಗದ್ದೆ ಮಾವನ ಹೆಸರಿನಲ್ಲಿ, ತೋಟ ಗಂಡನ ಹೆಸರಿನಲ್ಲಿ, ಮನೆ ಇಬ್ಬರಲ್ಲಿ ಒಬ್ಬರ ಹೆಸರಿನಲ್ಲಿ. ಹೆಂಗಸಿನದು ಎಂದು ಊರು ಒಪ್ಪುವ ಆಸ್ತಿ ಅವಳ ಮೈಮೇಲಿನದೊಂದೇ. ಅದು ಅವಳದು ಎಂಬ ಕಾರಣಕ್ಕೇ ಅದರ ಮೇಲೆ ಅಷ್ಟು ಜೀವ.

ಕಾನೂನೂ ಇದನ್ನು ಒಪ್ಪಿದೆ. ಸ್ತ್ರೀಧನ ಹೆಣ್ಣಿನ ಸ್ವಂತ ಸ್ವತ್ತು, ಗಂಡನ ಮನೆಯವರು ಅದನ್ನು ಇಟ್ಟುಕೊಂಡಿದ್ದರೂ ಅದಕ್ಕೆ ಒಡೆಯರಾಗುವುದಿಲ್ಲ ಎಂದು ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿತು. ಆದಾಯ ತೆರಿಗೆಯವರ ಶೋಧದಲ್ಲಿ ಮದುವೆಯಾದವಳ 500 ಗ್ರಾಂವರೆಗಿನ ಒಡವೆ ಮುಟ್ಟಬಾರದು ಎಂಬ ಸೂಚನೆ 1994ರದು. ಅದೇ ವರ್ಷ ಕರ್ನಾಟಕ ತನ್ನ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿತು. ಹಕ್ಕು ಬಂದರೂ ‘ಮದುವೆಗೆ ಬಂಗಾರ ಹಾಕಿದ್ದೀವಲ್ಲ’ ಎಂಬ ಒಂದು ಮಾತಿಗೆ ಹೆಬ್ಬೆಟ್ಟು ಒತ್ತಿ ಬಿಟ್ಟುಕೊಟ್ಟ ಅಕ್ಕತಂಗಿಯರು ಪ್ರತಿ ಊರಲ್ಲೂ ಸಿಗುತ್ತಾರೆ. ಎಕರೆಗಟ್ಟಲೆ ತೋಟಕ್ಕೆ ಬದಲು ಎರಡೆಳೆ ಸರ. ಆ ಸರವನ್ನು ಅವರು ಜೀವದಂತೆ ಕಾಯುವುದರಲ್ಲಿ ಆಶ್ಚರ್ಯವೇನು?

ಹಾಗಾಗಿ ಒಡವೆಯ ನೆನಪುಗಳನ್ನು ಬಾಯಿಮಾತಿಗೆ ಬಿಡಬಾರದು. ಒಂದೊಂದರ ಫೋಟೊ, ತೂಕ, ಯಾರು ಕೊಟ್ಟದ್ದು, ಯಾವ ವರ್ಷ ಎಲ್ಲಿ ಅಡವಿಟ್ಟದ್ದು, ಯಾತಕ್ಕೆ, ಎಂದು ಬಿಡಿಸಿದ್ದು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಅದು ಮನೆಯ ಚರಿತ್ರೆಯೂ ಆಗುತ್ತದೆ, ಪಾಲಿನ ದಿನ ಸಾಕ್ಷಿಯೂ ಆಗುತ್ತದೆ. ಬೋರ್‌ವೆಲ್ಲಿಗೆ ಅವ್ವನ ಸರ ಹೋಗಿತ್ತು, ಅಡಿಕೆ ಸಸಿಗೆ ಅತ್ತಿಗೆಯ ಬಳೆ ಹೋಗಿತ್ತು ಎಂಬುದು ಎಲ್ಲರಿಗೂ ಗೊತ್ತು, ಬರೆದಿಟ್ಟವರು ಮಾತ್ರ ಇಲ್ಲ. ಗಿರವಿ ಬಿಡಿಸಿ ತಂದ ದಿನ ಮನೆಯಲ್ಲಿ ಪಾಯಸ ಮಾಡುವುದು ಸರಿ. ಆ ಗಿರವಿಯ ದುಡ್ಡಿನಿಂದ ನೀರು ಕಂಡ ತೋಟದ ಪಹಣಿಗೆ ಅವಳ ಹೆಸರನ್ನೂ ಸೇರಿಸುವುದು ಅದಕ್ಕಿಂತ ಸರಿ.